ಹದಿನಾರು ಆಣೆಯ ವಿಮಾನ

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯನ್ನು ಮೊದಲು ಆಡಿದವನು ಎಂದೋ ಒಂದು ದಿನ ಅಂಥ ಜೋಡಿಯನ್ನು ನೊಗಕ್ಕೆ ಕಟ್ಟಿ ಪಾಡು ಪಟ್ಟವನೇ ಇರಬೇಕು. ಎತ್ತಿನಲ್ಲಿ ದೋಷವಿರಲಿಲ್ಲ, ಕೋಣನಲ್ಲಿಯೂ ಇರಲಿಲ್ಲ. ಕೊಟ್ಟಿಗೆಯಲ್ಲಿ ಬೇರೆ ಬೇರೆಯಾಗಿ ನಿಂತಾಗ ಎರಡೂ ನೋಡುವವರ ಕಣ್ಣಿಗೆ ಚೆಂದವಾಗಿಯೇ ಕಂಡಿರಬೇಕು. ದೋಷವಿದ್ದದ್ದು ಜೋಡಿಯಲ್ಲಿ. ಮನೆ ಕಟ್ಟಿಸುವವರು, ಅಡಿಗೆ ಮಾಡುವವರು, ಮೇಳ ಕಟ್ಟುವವರು ಎಲ್ಲರೂ ಬಲ್ಲ ಈ ಸತ್ಯವನ್ನು ಕಂಪ್ಯೂಟರ್ ಕೊಳ್ಳುವವರು ಮಾತ್ರ ಏಕೆ ಮರೆಯುತ್ತಾರೋ ತಿಳಿಯದು.

ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಲೆಕ್ಕ ಬರೆಯುವವನು. ಈ ಕಾರಣದಿಂದಲೇ ನಮ್ಮ ಬಳಗದಲ್ಲಿ ಯಾರು ಏನು ಕೊಳ್ಳುವುದಿದ್ದರೂ, ಅದು ಹಸುವಾಗಲಿ ನಿವೇಶನವಾಗಲಿ, ಕಾಗದ ಪೆನ್ಸಿಲು ನನ್ನ ಮುಂದೆ ಬಂದು ಕೂರುತ್ತವೆ. ೨೦೨೫ರ ಬೇಸಿಗೆಯಲ್ಲಿ ಭದ್ರಾವತಿಯ ಹಳೇನಗರದಲ್ಲಿರುವ ಅಕ್ಕನ ಮನೆಯಿಂದ ಬಂದ ಲೆಕ್ಕ ವಿಮಾನದ್ದು!

ಗಾಬರಿಯಾಗಬೇಡಿ. ಮೇಜಿನ ಮುಂದೆ ಕುರ್ಚಿ ಹಾಕಿಕೊಂಡು ಹಾರಿಸುವ ವಿಮಾನ. ಅಕ್ಕನ ಮಗ ಡಿಪ್ಲೊಮಾ ಮುಗಿಸಿ ಶಿವಮೊಗ್ಗದ ಒಂದು ಫೌಂಡ್ರಿಯಲ್ಲಿ ದುಡಿಯುತ್ತಾನೆ. ಅವನಿಗೆ ಬಾಲ್ಯದಿಂದಲೂ ವಿಮಾನದ ಹುಚ್ಚು. ವೈಮಾನಿಕನಾಗಲು ಎಷ್ಟು ಖರ್ಚಾದೀತೆಂದು ಹಿಂದೊಮ್ಮೆ ವಿಚಾರಿಸಿ, ಹತ್ತಾರು ಲಕ್ಷ ಎಂದು ತಿಳಿದಮೇಲೆ ಆ ಮಾತನ್ನು ಮತ್ತೆ ಎತ್ತಲಿಲ್ಲ. ಎತ್ತದಿದ್ದುದೇ ಅಕ್ಕನಿಗೆ ಸಂಕಟ. ಅಷ್ಟರಲ್ಲಿ ನಮ್ಮ ಸೋಗಾನೆಗೇ ವಿಮಾನ ನಿಲ್ದಾಣ ಬಂದಿತು. ೨೦೨೩ರ ಫೆಬ್ರವರಿ ೨೭ರಂದು ಉದ್ಘಾಟನೆ. ಆಗಸ್ಟ್ ೩೧ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ. ದೂರದಲ್ಲಿದ್ದಾಗ ತೂಗಿಸಿಕೊಂಡಿದ್ದ ಆಸೆ ತಲೆಯ ಮೇಲೇ ಸದ್ದು ಮಾಡತೊಡಗಿದರೆ ಏನು ಮಾಡಬೇಕು? ಎರಡು ವರ್ಷ ಸಂಬಳದಲ್ಲಿ ಉಳಿಸಿ ಎಂಬತ್ತು ಸಾವಿರ ರೂಪಾಯಿ ಕೂಡಿಸಿಕೊಂಡು ನನ್ನ ಬಳಿಗೆ ಬಂದ.

“ಮಾವ, ಇದರಲ್ಲೇ ಆಗಬೇಕು. ನೀವೊಂದು ಸಲ ಲೆಕ್ಕ ನೋಡಿ” ಎಂದ.

ಭಾವನವರು ಮೊದಮೊದಲು ಗುರ್ ಎಂದರು. “ಮಕ್ಕಳಾಟಕ್ಕೆ ಎಂಬತ್ತು ಸಾವಿರವೇನೋ ಮಾರಾಯ?” ಅವರು ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಕೆಲಸ ಮಾಡಿ ನಿವೃತ್ತರಾದವರು, ಒಮ್ಮೆಯೂ ವಿಮಾನ ಹತ್ತಿದವರಲ್ಲ.

ಆಟವೆನ್ನುವುದಕ್ಕೆ ಇದರ ವಂಶಾವಳಿ ಅಡ್ಡಬರುತ್ತದೆ. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತ ೧೯೨೯ರಲ್ಲಿ ಇಂಥದೊಂದು ನೆಲದ ವಿಮಾನವನ್ನು ಕಟ್ಟಿದ. ಅವನ ಮನೆಯವರು ಆರ್ಗನ್ ವಾದ್ಯ ತಯಾರಿಸುವವರು. ವಾದ್ಯದ ತಿದಿಗಳನ್ನೇ ಬಳಸಿ ಆತ ಪೆಟ್ಟಿಗೆಯನ್ನು ಓಲಾಡಿಸಿದ. ಎರಡನೆಯ ಮಹಾಯುದ್ಧದ ಎಷ್ಟೋ ಸಾವಿರ ವೈಮಾನಿಕರು ಮೋಡದೊಳಗೆ ಹಾರುವುದನ್ನು ಕಲಿತದ್ದು ಆ ತಿದಿಯ ಪೆಟ್ಟಿಗೆಯಲ್ಲಿ. ಮೈಕ್ರೋಸಾಫ್ಟಿನವರ ಫ್ಲೈಟ್ ಸಿಮ್ಯುಲೇಟರ್ ಮೊದಲು ಬಂದದ್ದು ೧೯೮೨ರಲ್ಲಿ. ನಮ್ಮ ಹುಡುಗನಿಗೆ ಬೇಕಾಗಿದ್ದುದು ಅದರದೇ ೨೦೨೦ರ ಆವೃತ್ತಿ.

ದುರ್ಗಿಗುಡಿಯ ಕಡೆಯ ಒಂದು ಅಂಗಡಿಯಲ್ಲಿ ಸಿದ್ಧವಾಗಿದ್ದ ಯಂತ್ರವೊಂದನ್ನು ನಮಗೆ ತೋರಿಸಿದರು. ಗಾಜಿನ ಬದಿ, ಒಳಗೆ ಗಣಪತಿಯ ಚಪ್ಪರದಂತೆ ಬಣ್ಣಬಣ್ಣದ ದೀಪ. ಚಿತ್ರ ಬರೆಯುವ ಗ್ರಾಫಿಕ್ಸ್ ಕಾರ್ಡು ಬಹಳ ದೊಡ್ಡದು, ಬೆಲೆಯೂ ದೊಡ್ಡದು. ಪ್ರೊಸೆಸರ್ ಯಾವುದೆಂದು ಕೇಳಿದರೆ ಹಳೆಯ ಕಾಲದ ನಾಲ್ಕು ಕೋರಿನದು. ಮೆಮೊರಿ ಎಂಟು ಜಿಬಿ, ಅದೂ ಒಂದೇ ಕಡ್ಡಿ. ವಿದ್ಯುತ್ ಒದಗಿಸುವ ಪವರ್ ಸಪ್ಲೈ ಹೆಸರಿಲ್ಲದ್ದು. ಎಲ್ಲ ಸೇರಿ ಒಂದು ಲಕ್ಷದ ಐದು ಸಾವಿರ. “ಗೇಮಿಂಗಿಗೆ ಕಾರ್ಡೇ ಮುಖ್ಯ ಸಾರ್” ಎಂದು ಅಂಗಡಿಯವರು ಸಮಾಧಾನ ಹೇಳಿದರು.

ಈ ಮಾತು ಎಷ್ಟೋ ಆಟಗಳಿಗೆ ನಿಜವೇ. ವಿಮಾನಕ್ಕೆ ಮಾತ್ರ ಪೂರ್ತಿ ನಿಜವಲ್ಲ. ಹುಡುಗ ನನಗೆ ವಿವರಿಸಿದ್ದನ್ನು ನಾನು ನನ್ನ ಕಚೇರಿಯ ಭಾಷೆಗೆ ತಂದುಕೊಂಡೆ. ಹಾಗೆಯೇ ನಿಮಗೂ ಹೇಳುತ್ತೇನೆ. ಪ್ರೊಸೆಸರ್ ಎಂದರೆ ಗುಮಾಸ್ತರ ಕೋಣೆ. ಒಂದೊಂದು ಕೋರೂ ಒಬ್ಬೊಬ್ಬ ಗುಮಾಸ್ತ. ಗ್ರಾಫಿಕ್ಸ್ ಕಾರ್ಡು ಚಿತ್ರಗಾರ. ವಿಮಾನ ಹಾರುತ್ತಿರುವಾಗ ರೆಕ್ಕೆಯನ್ನು ಗಾಳಿ ಎಷ್ಟು ಎತ್ತುತ್ತಿದೆ, ಇಂಜಿನ್ ಎಷ್ಟು ಎಳೆಯುತ್ತಿದೆ, ಸುತ್ತಲಿನ ಬೇರೆ ವಿಮಾನಗಳು ಎಲ್ಲಿವೆ, ಮುಳ್ಳು ಯಾವ ಅಂಕಿಯ ಮೇಲಿದೆ ಎಂಬ ಲೆಕ್ಕವನ್ನೆಲ್ಲ ಸೆಕೆಂಡಿಗೆ ಮೂವತ್ತು ನಲವತ್ತು ಸಲ ಹೊಸದಾಗಿ ಬರೆಯಬೇಕು. ಎಕ್ಸ್-ಪ್ಲೇನ್ ಎಂಬ ಇನ್ನೊಂದು ತಂತ್ರಾಂಶವಂತೂ ರೆಕ್ಕೆಯನ್ನು ಸಣ್ಣ ಸಣ್ಣ ತುಂಡುಗಳೆಂದು ಭಾವಿಸಿ, ಪ್ರತಿಯೊಂದು ತುಂಡಿನ ಮೇಲಿನ ಬಲವನ್ನೂ ಬೇರೆ ಬೇರೆ ಲೆಕ್ಕ ಹಾಕಿ ಕೂಡಿಸುತ್ತದೆ. ಇದರಲ್ಲಿ ಬಹಳಷ್ಟು ಲೆಕ್ಕ ಒಂದು ಮುಗಿದಮೇಲೆ ಇನ್ನೊಂದು ಆಗಬೇಕಾದದ್ದು. ಹತ್ತು ಗುಮಾಸ್ತರನ್ನು ಕೂರಿಸಿದರೆ ಹತ್ತರಷ್ಟು ಬೇಗ ಮುಗಿಯುವುದಿಲ್ಲ. ಒಬ್ಬ ಚುರುಕಾದ ಗುಮಾಸ್ತ ಬೇಕು. ಅವನು ಕೂಡಿ ಕಳೆದು ತಲೆ ಎತ್ತುವವರೆಗೂ ಚಿತ್ರಗಾರ, ಎಷ್ಟು ದೊಡ್ಡ ಕಲಾವಿದನೇ ಆಗಲಿ, ಕುಂಚ ಹಿಡಿದು ಸುಮ್ಮನೆ ನಿಂತಿರಬೇಕು. ನಿಂತದ್ದಕ್ಕೂ ಅವನಿಗೆ ಪೂರ್ತಿ ಸಂಬಳ!

ಮೆಮೊರಿಯೂ ಹಾಗೆಯೇ. ಈ ಸಿಮ್ಯುಲೇಟರನ್ನು ಮಾಡಿದವರೇ ೨೦೨೦ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಕನಿಷ್ಠ ೮ ಜಿಬಿ, ಸಮಾಧಾನಕ್ಕೆ ೧೬, ಉತ್ತಮಕ್ಕೆ ೩೨ ಎಂದಿದೆ. ಡಿಸ್ಕಿನಲ್ಲಿ ೧೫೦ ಜಿಬಿ ಜಾಗ ಬೇಕು. ೨೦೨೪ರ ನವೆಂಬರಿನಲ್ಲಿ ಬಂದ ಹೊಸ ಆವೃತ್ತಿಗೆ ಕನಿಷ್ಠವೇ ೧೬. ಅಂಗಡಿಯ ಯಂತ್ರದಲ್ಲಿದ್ದುದು ಎಂಟು. ಅಂದರೆ ಚಿತ್ರಗಾರನಿಗೆ ಅರಮನೆ, ಗುಮಾಸ್ತನಿಗೆ ಮೇಜೇ ಇಲ್ಲ.

ಆದರೂ ಹುಡುಗನ ಕಣ್ಣು ದೀಪದ ಕಡೆಗೇ ಇತ್ತು. ವಯಸ್ಸು, ತಪ್ಪೇನೂ ಅಲ್ಲ. ಸಂಜೆ ಭದ್ರಾವತಿಯಲ್ಲಿ ಅಕ್ಕ ಎಲ್ಲವನ್ನೂ ಕೇಳಿದಳು. ಒಳಗೆ ಹೋಗಿ ಒಂದು ಗಂಟನ್ನು ತಂದು ಮಗನ ಮುಂದೆ ಇಟ್ಟಳು. ಇಪ್ಪತ್ತೈದು ಸಾವಿರ. ಮಳೆಗೆ ಮೊದಲು ಮಾಡಿನ ಹೆಂಚು ತೆಗೆಸಿ ಹೊಸದು ಹೊದಿಸಲೆಂದು ಎತ್ತಿದ್ದ ಚೀಟಿಯ ಹಣ ಅದು. “ಅವನು ಇದುವರೆಗೂ ಏನೂ ಕೇಳಿದವನಲ್ಲ. ಹೆಂಚು ಬರುವ ವರ್ಷಕ್ಕೂ ಆದೀತು” ಎಂದಳು.

ಹುಡುಗ ಗಂಟನ್ನು ಮುಟ್ಟಲಿಲ್ಲ, ಬೇಡವೆಂದೂ ಹೇಳಲಿಲ್ಲ. ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ. ನಾನು ಏನು ಹೇಳಿದರೂ ಒಂದೋ ತಾಯಿಯ ಅಂತಃಕರಣಕ್ಕೆ ನೋವು, ಇಲ್ಲವೆ ಮಗನ ಆಸೆಗೆ ಪೆಟ್ಟು.

ಮಾತನಾಡಿದವರು ಭಾವನವರು. ಅವರು ಆಡಿದ್ದು ಹಣದ ಮಾತಲ್ಲ, ಕುಲುಮೆಯ ಮಾತು. “ನೋಡೋ, ಕುಲುಮೆಗೆ ಅದಿರು, ಇಂಧನ, ಸುಣ್ಣಕಲ್ಲು ಮೂರೂ ಬೀಳಬೇಕು. ಕಬ್ಬಿಣ ಬರುವುದು ಅದಿರಿನಿಂದಲೇ ಹೌದು. ಹಾಗೆಂದು ಅದಿರನ್ನೇ ಹೆಚ್ಚು ಹೆಚ್ಚು ಸುರಿದರೆ ಕಬ್ಬಿಣ ಹೆಚ್ಚು ಬರುತ್ತದೆಯೆ? ಕುಲುಮೆ ತಣ್ಣಗಾಗುತ್ತದೆ. ಇರುವ ಕಾವಿಗೆ ಎಷ್ಟು ಅದಿರು ಕರಗುತ್ತದೆಯೋ ಅಷ್ಟೇ ಹಾಕಬೇಕು. ಆ ಅಂಗಡಿಯವನು ಬರೀ ಅದಿರು ಮಾರುತ್ತಿದ್ದಾನೆ.” ಸ್ವಲ್ಪ ತಡೆದು, “ಮನೆಯೂ ಕುಲುಮೆಯೇ. ಆಕಾಶ ಕಾಣಬೇಕಾದದ್ದು ನಿನ್ನ ಯಂತ್ರದಲ್ಲಿ; ನಮ್ಮ ಮಾಡಿನ ತೂತಿನಲ್ಲಿ ಅಲ್ಲ” ಎಂದರು.

ಹುಡುಗ ನಕ್ಕುಬಿಟ್ಟ. ಅಕ್ಕನೂ ನಕ್ಕಳು. ಗಂಟು ಒಳಗೆ ಹೋಯಿತು. ಭದ್ರಾವತಿಯ ಕುಲುಮೆ ೧೯೨೩ರಲ್ಲಿ ಉರಿಯತೊಡಗಿದಾಗ ಕೆಮ್ಮಣ್ಣುಗುಂಡಿಯ ಅದಿರಿಗೆ ಜೊತೆಯಾದದ್ದು ಮಲೆನಾಡಿನ ಕಟ್ಟಿಗೆಯ ಇದ್ದಿಲು. ಹತ್ತಿರದಲ್ಲಿ ಕಲ್ಲಿದ್ದಲು ಇಲ್ಲದ ನಾಡಿನಲ್ಲಿ ಇರುವುದನ್ನು ಇರುವುದರ ಜೊತೆ ಹೊಂದಿಸಿಯೇ ಕಬ್ಬಿಣ ಕರಗಿಸಿದರು. ಹೊಂದಿಸುವ ಬುದ್ಧಿ ಆ ಊರಿಗೆ ಹೊಸತಲ್ಲ.

ಮರುದಿನ ನಾವು ಎಂಬತ್ತು ಸಾವಿರವನ್ನು ಹದಿನಾರು ಆಣೆ ಎಂದಿಟ್ಟುಕೊಂಡು ಹಂಚಲು ಕುಳಿತೆವು. ಆಣೆಗೆ ಐದು ಸಾವಿರ. ಆಗಿನ ಬೆಲೆಗೆ ಆದ ಹಂಚಿಕೆ ಇದು. ಗ್ರಾಫಿಕ್ಸ್ ಕಾರ್ಡಿಗೆ ಐದಾಣೆ: ಸ್ವಂತಕ್ಕೆ ೮ ಜಿಬಿ ಮೆಮೊರಿಯುಳ್ಳ ರೇಡಿಯಾನ್ ಆರ್‌ಎಕ್ಸ್ ೭೬೦೦. ಪ್ರೊಸೆಸರಿಗೆ ಎರಡಾಣೆ: ಆರು ಕೋರುಗಳ ರೈಜನ್ ೫ ೫೬೦೦. ಅದು ಕೂರುವ ಮದರ್‌ಬೋರ್ಡಿಗೆ ಒಂದೂವರೆ. ಮೆಮೊರಿಗೆ ಒಂದೂವರೆ: ಹದಿನಾರರ ಎರಡು ಕಡ್ಡಿ. ಒಂದೇ ಕಡ್ಡಿಯಾದರೆ ಸರಕು ಒಂದೇ ಬಾಗಿಲಿನಲ್ಲಿ ಹೋಗಿಬರಬೇಕು. ಎರಡಾದರೆ ಎರಡು ಬಾಗಿಲು. ಒಂದು ಟಿಬಿಯ ಎಸ್‌ಎಸ್‌ಡಿಗೆ ಒಂದಾಣೆ. ೫೫೦ ವಾಟಿನ ನಂಬಿಕೆಯ ಪವರ್ ಸಪ್ಲೈಗೆ ಒಂದಾಣೆ. ಪೆಟ್ಟಿಗೆಗೆ ಅರ್ಧ, ದೀಪವಿಲ್ಲ, ಗಾಳಿ ಆಡುವ ಜಾಲರಿಯಿದೆ. ಮಾನಿಟರಿಗೆ ಎರಡು. ಹಾರಿಸುವ ಜಾಯ್‌ಸ್ಟಿಕ್ಕಿಗೆ ಒಂದು. ಉಳಿದ ಅರ್ಧಾಣೆ ತಂತಿ, ಸಾಗಾಣಿಕೆ, ಬಸ್ ಚಾರ್ಜಿಗೆ.

ಚಿತ್ರಗಾರನಿಗೇ ಐದಾಣೆ ಕೊಟ್ಟಮೇಲೆ ಇದೆಂಥ ಸಮತೋಲ ಎಂದು ನೀವು ಕೇಳಬಹುದು. ಸಮತೋಲವೆಂದರೆ ಸಮಪಾಲಲ್ಲ. ಸಾಂಬಾರಿನಲ್ಲಿ ಬೇಳೆಯೂ ಉಪ್ಪೂ ಸಮನಾಗಿ ಬೀಳುತ್ತವೆಯೆ? ಒಂದು ಇನ್ನೊಂದನ್ನು ಕಾಯಿಸಬಾರದು, ಅಷ್ಟೇ ನೀತಿ. ಮಾನಿಟರಿನ ಆಯ್ಕೆಯಲ್ಲಿ ಇದು ಚೆನ್ನಾಗಿ ತಿಳಿಯುತ್ತದೆ. ೧೯೨೦ಕ್ಕೆ ೧೦೮೦ ಚುಕ್ಕೆಗಳ ಪರದೆಯಲ್ಲಿ ಒಟ್ಟು ೨೦,೭೩,೬೦೦ ಚುಕ್ಕೆ. ೪ಕೆ ಎಂಬ ದೊಡ್ಡ ಪರದೆಯಲ್ಲಿ ಅದರ ನಾಲ್ಕರಷ್ಟು. ಅದನ್ನು ತಂದಿದ್ದರೆ ನಮ್ಮ ಐದಾಣೆಯ ಚಿತ್ರಗಾರ ಬಳಲಿ ಬೀಳುತ್ತಿದ್ದ. ಇನ್ನು ಗುಂಡು ಹಾರಿಸುವ ಆಟಗಳಿಗೆ ಸೆಕೆಂಡಿಗೆ ನೂರು ನೂರೈವತ್ತು ಚಿತ್ರ ಬೇಕೆನ್ನುತ್ತಾರೆ. ಆಕಾಶದಲ್ಲಿ ಅಷ್ಟು ಆತುರವಿಲ್ಲ. ಮೂವತ್ತು ನಲವತ್ತು ಚಿತ್ರ ಎಡವದೆ ಬಂದರೆ ಸಾಕು. ಅಗತ್ಯವೇನೆಂದು ತಿಳಿದವನಿಗೆ ಮಾತ್ರ ಎಲ್ಲಿ ಉಳಿಸಬಹುದೆಂದು ತಿಳಿಯುತ್ತದೆ.

ಪವರ್ ಸಪ್ಲೈಗೆ ಕೊಟ್ಟ ಒಂದಾಣೆಯ ವಿಚಾರದಲ್ಲಿ ಹುಡುಗ ಸ್ವಲ್ಪ ಜಗ್ಗಾಡಿದ. ಅದು ಕಣ್ಣಿಗೆ ಕಾಣುವ ವಸ್ತುವಲ್ಲ. ಅದರಿಂದ ಮೋಡ ಹೆಚ್ಚು ಬೆಳ್ಳಗಾಗುವುದೂ ಇಲ್ಲ. ಆದರೆ ಉಳಿದ ಎಲ್ಲಕ್ಕೂ ಅನ್ನವಿಕ್ಕುವುದು ಅದೇ. ನಮ್ಮ ಕಡೆ ಗುಡುಗು ಮಿಂಚಿನ ದಿನ ವಿದ್ಯುತ್ತು ಹೇಗೆ ಬಂದು ಹೋಗುತ್ತದೆಂಬುದನ್ನು ಭದ್ರಾವತಿಯವರಿಗೆ ಹೇಳಬೇಕೆ? ಮನೆಯಲ್ಲಿಯೂ ಇಂಥವರು ಇರುತ್ತಾರೆ. ಫೋಟೋದಲ್ಲಿ ಅಂಚಿನಲ್ಲಿ ನಿಂತಿರುತ್ತಾರೆ; ಅವರು ಒಂದು ದಿನ ಮಲಗಿದರೆ ಒಲೆ ಉರಿಯುವುದಿಲ್ಲ.

ಆ ವರ್ಷದ ಕೊನೆಗೆ ಮೆಮೊರಿಯ ಬೆಲೆ ಮಳೆಗಾಲದ ಹೊಳೆಯಂತೆ ಏರಿತು. ಈಗ ಕೊಳ್ಳುವವರು ಆಣೆಗಳನ್ನು ಬೇರೆ ರೀತಿ ಹಂಚಬೇಕಾದೀತು. ಹಂಚಿಕೆ ಬದಲಾಗಲಿ, ಹಂಚುವ ನೀತಿ ಬದಲಾಗದು.

ಮೇ ತಿಂಗಳಲ್ಲಿ ಮಾಡಿಗೆ ಹೊಸ ಹೆಂಚು ಬಂದಿತು. ಜೂನಿನಲ್ಲಿ ಯಂತ್ರ ಬಂದಿತು. ಹುಡುಗ ರಜೆಯ ದಿನ ಬೆಂಗಳೂರಿನಿಂದ ವಿಮಾನವನ್ನು ಎಬ್ಬಿಸಿ, ದಾರಿ ತಪ್ಪದಿರಲೆಂದು ರೈಲು ದಾರಿಯನ್ನೇ ಹಿಡಿದು ಹೊರಟ. ಭಾವನವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ತಾವು ನೂರು ಸಲ ಓಡಾಡಿದ ದಾರಿಯನ್ನು ಮೇಲಿನಿಂದ ನೋಡುತ್ತಾ, “ಅರಸೀಕೆರೆ ದಾಟಿತಾ? ಬೀರೂರು ಬಂತಾ?” ಎಂದು ರೈಲಿನಲ್ಲಿ ಕೇಳುವಂತೆ ಕೇಳುತ್ತಿದ್ದರು. ಚಿತ್ರ ಎಲ್ಲಿಯೂ ಮುಗ್ಗರಿಸಲಿಲ್ಲ. ತರೀಕೆರೆ ಕಳೆದು ಭದ್ರೆ ಕಂಡಳು. ಊರಿನ ಮೇಲೆ ಬಂದಾಗ ಭಾವನವರು ಮುಂದೆ ಬಾಗಿ ಒಂದು ಕಡೆ ಬೆರಳಿಟ್ಟರು.

“ಕುಲುಮೆ ಇಲ್ಲಿರಬೇಕಿತ್ತಲ್ಲೋ.”

“ನೆಲದ ಚಿತ್ರ ಉಪಗ್ರಹದ್ದು ಅಪ್ಪ. ಮೇಲಿನ ಕಟ್ಟಡಗಳನ್ನು ಯಂತ್ರವೇ ಊಹೆಯಿಂದ ಕಟ್ಟಿಕೊಂಡಿದೆ. ಎಲ್ಲ ನಿಜವಲ್ಲ.”

“ಇರಲಿ ಬಿಡು. ಹೊಳೆ ಸರಿಯಾಗಿದೆ” ಎಂದರು ಭಾವನವರು. “ಇಳಿಸಬೇಡ. ಇನ್ನೊಂದು ಸುತ್ತು ಹಾಕು.”

ಹೊರಗೆ ಮಳೆ ಹಿಡಿದಿತ್ತು. ಮೊದಲೆಲ್ಲ ಇಂಥ ಮಳೆಗೆ ಅಕ್ಕ ಪಾತ್ರೆಗಳನ್ನು ಹಿಡಿದು ಮನೆಯಿಡೀ ಓಡಾಡಬೇಕಾಗಿತ್ತು. ಈಗ ಅವಳೂ ಬಂದು ಗಂಡನ ಕುರ್ಚಿಯ ಹಿಂದೆ ನಿಂತು, ಹೊಳೆ ತಿರುಗುವುದನ್ನು ನೋಡಿದಳು.