ಸೊನ್ನೆಯೂ ಖಾಲಿ ಮನೆಯೂ

ಹಾಲಿನ ಲೆಕ್ಕ ಬರೆದಿಟ್ಟ ಪುಸ್ತಕವನ್ನು ಚರಿತ್ರೆಯೆಂದು ಯಾರೂ ಕರೆಯುವುದಿಲ್ಲ. ಆದರೂ ಒಂದು ಸಂಸಾರವು ಹೇಗೆ ಬಾಳಿತೆಂಬುದನ್ನು ಅರಿಯಬೇಕಾದವರಿಗೆ ಅದಕ್ಕಿಂತ ನಂಬತಕ್ಕ ಆಧಾರವು ದೊರೆಯುವುದು ಕಷ್ಟ. ರಾಜಾಜಿನಗರದ ಒಂದು ಹಳೆಯ ಮನೆಯ ಕಪಾಟಿನಲ್ಲಿ ಇಂತಹ ಪುಸ್ತಕಗಳು ಹನ್ನೊಂದು ಇವೆ. ಅವನ್ನು ಬರೆದವರು ಆ ಮನೆಯ ಯಜಮಾನಿತಿ, ಈಗ ಅವರಿಲ್ಲ. ಪುಟಪುಟಕ್ಕೂ ಗೀಟೆಳೆದು ಮಾಡಿದ ಚೌಕದ ಮನೆಗಳು, ದಿನಕ್ಕೊಂದು ಮನೆ, ಮನೆಗೊಂದು ಕನ್ನಡದ ಅಂಕಿ. ಆ ದಿನ ಹಾಲಿನ ಪೊಟ್ಟಣಗಳೆಷ್ಟು ಬಂದುವೆಂಬುದಕ್ಕೆ ಆ ಅಂಕಿಯೇ ಸಾಕ್ಷಿ. ಪುಟದ ಕೆಳಗೆ ತಿಂಗಳ ಮೊತ್ತ.

ಅವರ ಪತಿಯಾದ ವೃದ್ಧರಿಗೆ ಸಂಜೆ ದೀಪ ಹಚ್ಚಿದ ಮೇಲೆ ಈ ಪುಸ್ತಕಗಳಲ್ಲಿ ಒಂದೆರಡು ಪುಟ ಓದುವುದು ರೂಢಿಯಾಗಿತ್ತು. ಲೆಕ್ಕದಲ್ಲಿ ಓದುವುದೇನಿದೆಯೆಂದು ಮನೆಯವರಾರೂ ಕೇಳಿದವರಲ್ಲ. ಈಚೆಗೆ ಅವರ ದೃಷ್ಟಿ ಮಂದವಾಗುತ್ತ ಬಂದು, ಅಂಕಿಗಳು ಕರಗಿಹೋಗತೊಡಗಿದುವು. ಕೆಂಗೇರಿಯಲ್ಲಿ ಓದುತ್ತಿದ್ದ ಮೊಮ್ಮಗನು ಭಾನುವಾರಗಳಲ್ಲಿ ಮೆಟ್ರೋ ರೈಲಿನಲ್ಲಿ ಬಂದು ತಾನೇ ಓದಿ ಹೇಳುತ್ತಿದ್ದನು. ಆದರೆ ವಾರದ ಉಳಿದ ಆರು ಸಂಜೆಗಳಿಗೇನು ಗತಿ? ಪುಟದ ಚಿತ್ರವನ್ನು ಕಂಡು ಅಂಕಿಗಳನ್ನು ಗಟ್ಟಿಯಾಗಿ ಓದುವಂತೆ ಗಣಕಯಂತ್ರಕ್ಕೆ ಕಲಿಸಬೇಕೆಂದು ಆತನು ನಿಶ್ಚಯಿಸಿದನು.

ಇದಕ್ಕೆ ಬೇಕಾದ ಪಾಠಪುಸ್ತಕವು ಸಿದ್ಧವಾಗಿಯೇ ಇದೆ. ೨೦೧೯ರಲ್ಲಿ ವಿನಯ್ ಉದಯ್ ಪ್ರಭು ಎಂಬವರು ಕನ್ನಡ-ಎಂನಿಸ್ಟ್ ಎಂಬ ಸಂಗ್ರಹವೊಂದನ್ನು ಪ್ರಕಟಿಸಿದರು. ಬೆಂಗಳೂರಿನ ೬೫ ಮಂದಿ ಸ್ವಯಂಸೇವಕರು ಕೈಯಾರೆ ಬರೆದುಕೊಟ್ಟ ಕನ್ನಡ ಅಂಕಿಗಳ ಚಿತ್ರಗಳು ಅದರಲ್ಲಿವೆ: ಕಲಿಕೆಗೆ ೬೦,೦೦೦, ಪರೀಕ್ಷೆಗೆ ೧೦,೦೦೦. ಒಂದೊಂದು ಚಿತ್ರವೂ ೨೮ ಸಾಲು, ಸಾಲಿಗೆ ೨೮ ಚುಕ್ಕಿ. ಒಟ್ಟು ೭೮೪ ಚುಕ್ಕಿ. ಪ್ರತಿಯೊಂದು ಚುಕ್ಕಿಗೂ ೦ ಮೊದಲ್ಗೊಂಡು ೨೫೫ರ ವರೆಗಿನ ಒಂದು ಸಂಖ್ಯೆ; ಅದು ಆ ಸ್ಥಳದ ಬೆಳಕಿನ ಅಳತೆ. ಇಷ್ಟನ್ನು ಯಂತ್ರದ ಮುಂದಿಟ್ಟರೆ ಅದು ತಾನಾಗಿ ಕಲಿಯುವುದೆಂದು ತರುಣನು ಎಣಿಸಿದ್ದನು. ಯಂತ್ರವು ಒಂದೂ ಅಂಕಿಯನ್ನು ಕಲಿಯದೆ ಕೆಂಪಕ್ಷರದಲ್ಲಿ ತಕರಾರು ಬರೆಯಿತು.

ಮೊದಲನೆಯ ತಕರಾರು ಆಕಾರದ್ದು. ಕಡತದಲ್ಲಿ ೭೮೪ ಚುಕ್ಕಿಗಳೂ ಒಂದೇ ಉದ್ದ ಸಾಲಿನಲ್ಲಿದ್ದುವು. ಯಂತ್ರಕ್ಕೆ ಅವು ಚೌಕವಾಗಿ ಬೇಕಾಗಿದ್ದುವು. ಚುಕ್ಕಿರಂಗೋಲಿಯನ್ನು ಬಲ್ಲ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಂಗಳದುದ್ದಕ್ಕೂ ಒಂದೇ ಗೆರೆಯಾಗಿ ಚುಕ್ಕಿಯಿಟ್ಟರೆ, ಲೆಕ್ಕ ಸರಿಯಾಗಿದ್ದರೂ ಎಳೆ ಸುತ್ತಿ ಹೂವಾಗಲಾರದು. ತರುಣನು ಚುಕ್ಕಿಗಳನ್ನು ಸಾಲುಗೊಳಿಸಹೊರಟಾಗ ಎರಡನೆಯ ತಕರಾರು ಬಂದಿತು: ಭಾಗಾಕಾರದಲ್ಲಿ ಶೇಷ ಉಳಿಯುತ್ತದೆ. ನೋಡಿದರೆ, ಸಾಲಿನಲ್ಲಿದ್ದುದು ೭೮೪ ಅಲ್ಲ, ೭೮೫. ಮೊದಲ ಸ್ಥಾನದಲ್ಲಿದ್ದುದು ಚುಕ್ಕಿಯಲ್ಲ. ಆ ಚಿತ್ರವು ಯಾವ ಅಂಕಿಯದೆಂಬ ಉತ್ತರವೇ ಅಲ್ಲಿತ್ತು. ಅದು ಹೇಗೋ ಒಳಗೆ ನುಸುಳಿದ್ದರೆ, ಪ್ರಶ್ನಪತ್ರಿಕೆಯ ಮೂಲೆಯಲ್ಲಿ ಉತ್ತರವನ್ನು ಕಂಡ ಹುಡುಗನಂತೆ ಯಂತ್ರವು ಪರೀಕ್ಷೆಯಲ್ಲಿ ಗೆದ್ದು ಬಾಳಿನಲ್ಲಿ ಸೋಲುತ್ತಿತ್ತು. ಅದು ಹಟಹಿಡಿದು ನಿಂತುದು ಉಪಕಾರವೇ ಆಯಿತು.

ಮೂರನೆಯ ತಕರಾರು ಮನೆಯೊಳಗಿನಿಂದಲೇ ಹುಟ್ಟಿತು. ಯಂತ್ರದ ಓದು ಸರಿಯೋ ತಪ್ಪೋ ತಿಳಿಯಲು ಅಜ್ಜಿ ಬರೆದ ತಿಂಗಳ ಮೊತ್ತಗಳಿಗಿಂತ ಒಳ್ಳೆಯ ಒರೆಗಲ್ಲು ಇರಲಿಲ್ಲ. ತರುಣನ ತಾಯಿ ಅವನ್ನೆಲ್ಲ ಬೆರಳಚ್ಚುಮಾಡಿ ಕೊಟ್ಟರು. ಯಂತ್ರವು ಒಂದು ೬೦ನ್ನು ಅರವತ್ತೆಂದು ಒಪ್ಪಿಕೊಂಡಿತು. ಎರಡು ಸಾಲಿನ ಕೆಳಗೆ ಅದೇ ಅರವತ್ತನ್ನು ಸಂಖ್ಯೆಯೇ ಅಲ್ಲವೆಂದು ತಳ್ಳಿಹಾಕಿತು. ಕಣ್ಣಿಗೆ ಎರಡೂ ಹೆಚ್ಚುಕಡಮೆ ಒಂದೇ. ಬಹಳ ಹೊತ್ತು ಹುಡುಕಿದ ಮೇಲೆ ಗುಟ್ಟು ಬಯಲಾಯಿತು. ಎರಡನೆಯದರಲ್ಲಿ ಆರರ ಮುಂದೆ ಕೂತಿದ್ದುದು ಅಂಕಿಯ ಸೊನ್ನೆಯಲ್ಲ, ಅಕ್ಷರಮಾಲೆಯ ಅನುಸ್ವಾರ. ಯೂನಿಕೋಡ್ ಪದ್ಧತಿಯಲ್ಲಿ ಅನುಸ್ವಾರದ ಸಂಕೇತವು ೩೨೦೨, ಸೊನ್ನೆಯದು ೩೩೦೨. ಇವೆರಡರ ನಡುವೆ ಸರಿಯಾಗಿ ನೂರರ ಅಂತರ. ಬೆಂಗಳೂರೆಂಬ ಹೆಸರಿನಲ್ಲಿ ಅನುಸ್ವಾರಕ್ಕೆ ಬದಲು ಸೊನ್ನೆಯನ್ನು ಒತ್ತಿದ ಬರಹಗಳೂ ಬೇಕಾದಷ್ಟಿವೆ. ಓದುವವರಿಗೆ ಅದರಿಂದ ಬಾಧಕವಿಲ್ಲ, ಹುಡುಕುವ ಯಂತ್ರಕ್ಕೆ ಮಾತ್ರ ಅದು ಬೇರೊಂದು ಊರು. ಸಂಗತಿಯನ್ನು ಕೇಳಿ ವೃದ್ಧರು ನಕ್ಕರು. “ನಾವು ಓದುವಾಗ ಎರಡನ್ನೂ ಸೊನ್ನೆಯೆಂದೇ ಕರೆಯುತ್ತಿದ್ದೆವು. ತಪ್ಪು ನಿನ್ನ ತಾಯಿಯದಲ್ಲ, ಭಾಷೆಯದು” ಎಂದರು.

ಇಷ್ಟಾದ ಮೇಲೆ ಯಂತ್ರವು ತಕರಾರಿಲ್ಲದೆ ಕಲಿಯಿತು. ಪರೀಕ್ಷೆಯ ಚಿತ್ರಗಳನ್ನು ಬಹುಮಟ್ಟಿಗೆ ಸರಿಯಾಗಿಯೇ ಓದಿತು. ಆದರೆ ಅಜ್ಜಿಯ ಪುಟವನ್ನು ಅದರ ಮುಂದಿಟ್ಟಾಗ, ಒಮ್ಮೆಯೂ ತಡವರಿಸದೆ, ದಿನಕ್ಕೆ ಎಂಟು ಪೊಟ್ಟಣ, ಐದು ಪೊಟ್ಟಣ, ಎಂಟು ಪೊಟ್ಟಣವೆಂದು ಓದುತ್ತ ಹೋಯಿತು. “ಇಲ್ಲೇನು ಹೋಟೆಲಿತ್ತೇ?” ಎಂದು ವೃದ್ಧರು ಕೇಳಿದರು. ಸಂಗ್ರಹದ ಚಿತ್ರಗಳಲ್ಲಿ ನೆಲ ಕಪ್ಪು, ಅಂಕಿ ಬಿಳಿ. ಅಜ್ಜಿಯ ಪುಸ್ತಕದಲ್ಲಿ ಕಾಗದ ಬಿಳಿ, ಶಾಯಿ ಕಪ್ಪು. ಆಕಾರ ಸರಿಯಾಗಿದ್ದಿತು, ಎಣಿಕೆ ಸರಿಯಾಗಿದ್ದಿತು. ಆದುದರಿಂದ ಯಂತ್ರಕ್ಕೆ ನಿಲ್ಲಲು ಕಾರಣವೇ ಇರಲಿಲ್ಲ. ಪ್ರತಿ ಚುಕ್ಕಿಯ ಸಂಖ್ಯೆಯನ್ನೂ ೨೫೫ರಿಂದ ಕಳೆದು ತಿರುಗುಮುರುಗು ಮಾಡಿದೊಡನೆ ಎಂಟುಗಳೆಲ್ಲ ಎರಡುಗಳಾದುವು. ತಕರಾರು ಮಾಡುವ ತಪ್ಪು ಒಂದು ಸಂಜೆಯನ್ನು ತಿನ್ನುತ್ತದೆ, ಅಷ್ಟೆ. ಸುಮ್ಮನಿರುವ ತಪ್ಪನ್ನು ಹಿಡಿಯಬೇಕಾದರೆ, ಆ ಮನೆಗೆ ದಿನಕ್ಕೆಷ್ಟು ಹಾಲು ಬರುತ್ತಿತ್ತೆಂಬುದನ್ನು ಬಲ್ಲವರೊಬ್ಬರು ಹತ್ತಿರದಲ್ಲಿರಬೇಕು.

ಅಜ್ಜಿಯ ಕೈಬರಹದಲ್ಲಿ ೩ಕ್ಕೂ ೭ಕ್ಕೂ ಹೋಲಿಕೆ ಬಹಳ. ಅವರದೇ ಪುಟಗಳಿಂದ ಕೆಲವು ನೂರು ಮನೆಗಳನ್ನು ಕತ್ತರಿಸಿ ಪಾಠಕ್ಕೆ ಸೇರಿಸಿದ ಮೇಲೆ ಆ ಗೊಂದಲವೂ ಕಡಮೆಯಾಯಿತು. ತಿಂಗಳ ಮೊತ್ತಗಳು ಒಂದೊಂದಾಗಿ ಹೊಂದಿಕೊಂಡುವು. ಒಂದು ತಿಂಗಳು ಮಾತ್ರ ಹೊಂದಲಿಲ್ಲ. ಪುಸ್ತಕದ ಮೊತ್ತ ೩೮. ಯಂತ್ರದ ಮೊತ್ತ ೬೫. ಆ ಪುಟದಲ್ಲಿ ಒಂಬತ್ತು ಮನೆಗಳು ಖಾಲಿಯಾಗಿದ್ದುವು. ಒಂದೊಂದನ್ನೂ ಯಂತ್ರವು ಮೂರೆಂದು ಓದಿದ್ದಿತು. ಅದರ ತಪ್ಪಲ್ಲ. ಅದಕ್ಕೆ ಕಲಿಸಿದ್ದ ಉತ್ತರಗಳು ಹತ್ತೇ. ಏನೂ ಇಲ್ಲದ ಕಾಗದವನ್ನು ತೋರಿಸಿದರೂ ಆ ಹತ್ತರಲ್ಲೊಂದನ್ನು ಹೇಳದೆ ಅದಕ್ಕೆ ಬೇರೆ ದಾರಿಯಿಲ್ಲ.

ತರುಣನು ಸುಲಭವಾದ ಉಪಾಯವನ್ನು ಹಿಡಿದನು: ಖಾಲಿ ಮನೆಗಳಿಗೆಲ್ಲ ೦ ತುಂಬಿದನು. ಒಡನೆಯೇ ಮೊತ್ತವು ೩೮ ಆಯಿತು. ಲೆಕ್ಕವು ಹೊಂದಿದುದಕ್ಕೆ ಸಂತೋಷಪಟ್ಟು ಆ ಪುಟವನ್ನು ಯಂತ್ರದಿಂದ ಓದಿಸಿದನು. “ಎರಡು, ಎರಡು, ಸೊನ್ನೆ, ಎರಡು” ಎಂದು ನಡೆದ ಓದು, “ಸೊನ್ನೆ, ಸೊನ್ನೆ, ಸೊನ್ನೆ” ಎಂದು ಮುಂದುವರಿದಾಗ ವೃದ್ಧರು ಕೈಯೆತ್ತಿ ತಡೆದರು.

“ಅಲ್ಲಿ ಸೊನ್ನೆಯಿಲ್ಲ” ಎಂದರು.

“ಏನೂ ಬರೆದಿಲ್ಲ, ತಾತ. ಮೊತ್ತ ಸರಿಯಾಗಿದೆಯಲ್ಲ.”

“ಹಾಲು ಒಡೆದುಹೋದ ದಿನ, ಹಾಲಿನವನು ಬಾರದ ದಿನ ಅವಳು ಸೊನ್ನೆ ಬರೆಯುತ್ತಿದ್ದಳು. ಅದನ್ನು ಬರೆಯುವುದಕ್ಕೂ ಅವಳು ಇಲ್ಲಿರಬೇಕು. ಆ ಒಂಬತ್ತು ದಿನ ಹಾಲು ಬಂದಿತು. ನಾನೇ ತೆಗೆದುಕೊಂಡೆ. ಅವಳು ವಿಜಯನಗರದಲ್ಲಿ ತಮ್ಮನ ಮನೆಯಲ್ಲಿದ್ದಳು.”

ಏತಕ್ಕೆ ಹೋಗಿದ್ದರೆಂಬುದನ್ನು ಅವರು ಹೇಳಲಿಲ್ಲ. ಮೊಮ್ಮಗನು ಕೇಳಲೂ ಇಲ್ಲ. ರಾಜಾಜಿನಗರದಿಂದ ವಿಜಯನಗರವು ದೂರವಲ್ಲ. ಒಂಬತ್ತು ದಿನವಿರಲು ಹೋಗುವಂತಹ ಊರೇನೂ ಅಲ್ಲ. ಹನ್ನೊಂದು ಪುಸ್ತಕಗಳಲ್ಲಿ ಆ ಪುಟದ ಅಂಚು ಮಾತ್ರ ಬೆರಳು ತಾಗಿ ತಾಗಿ ಏತಕ್ಕೆ ಮೆತ್ತಗಾಗಿದೆಯೆಂಬುದು ಆತನಿಗೆ ಆಗ ತಿಳಿಯಿತು.

ಆ ರಾತ್ರಿ ಆತನು ಕೆಂಗೇರಿಗೆ ಹಿಂದಿರುಗಲಿಲ್ಲ. ಪುಸ್ತಕಗಳಲ್ಲಿ ಬರೆಯದೆ ಬಿಟ್ಟ ಮನೆಗಳನ್ನೆಲ್ಲ ಹುಡುಕಿ ಕತ್ತರಿಸಿ, ಅವಕ್ಕೆ ಹನ್ನೊಂದನೆಯ ಉತ್ತರವೊಂದನ್ನು ಕೊಟ್ಟು ಪಾಠಕ್ಕೆ ಸೇರಿಸಿದನು. ಯಂತ್ರವು ಮತ್ತೆ ಕೆಂಪಕ್ಷರದಲ್ಲಿ ತಕರಾರು ಮಾಡಿತು: ಉತ್ತರದ ಸ್ಥಾನಗಳು ಹತ್ತೇ ಇವೆ, ಹನ್ನೊಂದನೆಯದಕ್ಕೆ ಎಡೆಯಿಲ್ಲ. ಈ ಸಲ ಆತನಿಗೆ ಬೇಸರವಾಗಲಿಲ್ಲ. ಹತ್ತನ್ನು ಅಳಿಸಿ ಹನ್ನೊಂದೆಂದು ಬರೆದು, ಮೊದಲಿನಿಂದ ಕಲಿಸಿದನು.

ಉಳಿದುದೊಂದೇ ಪ್ರಶ್ನೆ: ಖಾಲಿ ಮನೆ ಬಂದಾಗ ಯಂತ್ರವು ಏನೆಂದು ಓದಬೇಕು? “ಖಾಲಿ” ಎನ್ನಲೇ, “ಇಲ್ಲ” ಎನ್ನಲೇ ಎಂದು ಬೆಳಗ್ಗೆ ತಾತನನ್ನು ಕೇಳಿದನು. ಏನೂ ಹೇಳುವುದು ಬೇಡ, ಒಂದು ಅಂಕಿಯನ್ನು ಓದುವಷ್ಟು ಹೊತ್ತು ಸುಮ್ಮನಿದ್ದರೆ ಸಾಕೆಂದು ಅವರು ಹೇಳಿದರು.

ಆ ಸಂಜೆ ಯಂತ್ರವು ಆ ಪುಟವನ್ನು ಹಾಗೆಯೇ ಓದಿತು. ವೃದ್ಧರು ಕಣ್ಮುಚ್ಚಿ, ಬೆರಳುಗಳ ಗೆಣ್ಣನ್ನು ಎಣಿಸುತ್ತ ಕುಳಿತಿದ್ದರು. ಒಂಬತ್ತು ಸಲ ಮೌನವಾದ ಮೇಲೆ “ಎರಡು” ಎಂಬ ಧ್ವನಿ ಕೇಳಿಸಿತು.

“ಬಂದಳು” ಎಂದರು.