ಮಗುಚಿದರೆ ಮನೆ

ನಮ್ಮ ಕಡಲ ಕರೆಯಲ್ಲಿ ‘ದೋಣಿ ಮಗುಚಿತು’ ಎಂಬ ಮಾತು ಕೇಳಿದರೆ ಸಾಕು, ಕೇರಿಗೆ ಕೇರಿಯೇ ಎದ್ದು ನಿಲ್ಲುತ್ತದೆ. ಬೇಕಲದಿಂದ ಮಂಜೇಶ್ವರದ ತನಕ ಯಾವ ಭಾಷೆಯಲ್ಲಿ ಹೇಳಿದರೂ ಅದು ಸಾವಿನ ಸುದ್ದಿ. ಹೊಗೆನಕಲ್ಲಿನಲ್ಲಿ ಮಾತ್ರ ದೋಣಿ ಮಗುಚುವುದೆಂದರೆ ಕೆಲಸ ಮುಗಿಸಿ ಮನೆ ಸೇರಿದಂತೆ. ಕಾವೇರಿಯಲ್ಲಿ ಬಲೆ ಬಿಡುವವನು ಸಂಜೆ ಹರಿಗೋಲನ್ನು ಮರಳಿಗೆ ಎಳೆದು, ಕವುಚಿ ಹಾಕಿ, ಒಂದು ಅಂಚನ್ನು ಎತ್ತಿ ಅದಕ್ಕೆ ಹುಟ್ಟನ್ನು ಆಸರೆ ಕೊಟ್ಟರೆ ಅದೇ ಅವನ ಸೂರು. ಮಳೆ ಬಂದರೂ ಮಂಜು ಸುರಿದರೂ ಅದರಡಿಯಲ್ಲಿ ನಿದ್ದೆ. ಬೆಳಗಾದರೆ ಮನೆಯನ್ನೇ ಮಗುಚಿ ನೀರಿಗೆ ಇಳಿಸುತ್ತಾನೆ.

ಧರ್ಮಪುರಿಯಲ್ಲಿ ಬಂಧುಗಳ ಮದುವೆ ಮುಗಿಸಿ, ಪೆನ್ನಾಗರದ ದಾರಿಯಾಗಿ ಬಸ್ಸಿನಲ್ಲಿ ಅಲ್ಲಿಗೆ ಹೋದವನು ನಾನು. ಊರಿನ ಹೆಸರು ಕನ್ನಡದ್ದು: ಬಿದ್ದ ನೀರು ಹೊಗೆಯಾಗಿ ಏಳುವ ಕಲ್ಲು. ಬೋರ್ಡುಗಳು ತಮಿಳಿನಲ್ಲಿ, ಜನರ ಬಾಯಲ್ಲಿ ಎರಡೂ. ಹರಿಗೋಲಿಗೆ ತಮಿಳಿನಲ್ಲಿ ಪರಿಸಲ್ ಎನ್ನುತ್ತಾರೆ. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಹೆಣೆದು ಹಿಂದೆ ಚರ್ಮ ಹೊದಿಸುತ್ತಿದ್ದರು. ಆಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಟಾರು ಬಂತು. ಅದಕ್ಕೆ ಹಿಂದು ಮುಂದು ಎಂಬುದಿಲ್ಲ, ಹುಟ್ಟು ಒಂದೇ. ಬಂಡೆಗೆ ತಾಗಿದರೆ ಗಿರ್ರನೆ ತಿರುಗಿ ಜಾರಿಕೊಳ್ಳುತ್ತದೆ. ಹೊಳೆಯೊಡನೆ ಕೆಳಗೆ ಇಳಿದವರು ಮರಳುವಾಗ ಅದನ್ನು ತಲೆಯ ಮೇಲೆ ಹೊತ್ತು ದಡದಲ್ಲಿ ನಡೆಯುತ್ತಾರೆ. ದೂರದಿಂದ ಕಂಡರೆ ಎರಡು ಕಾಲಿನ ದೊಡ್ಡ ಆಮೆ.

ಅಲ್ಲಿ ಪೂರ್ವದ ದಡ ತಮಿಳುನಾಡು, ಪಶ್ಚಿಮದ ದಡ ಕರ್ನಾಟಕದ ಚಾಮರಾಜನಗರ ಜಿಲ್ಲೆ. 1956ಕ್ಕೆ ಮೊದಲು ಎರಡು ದಡಗಳೂ ಮದ್ರಾಸ್ ರಾಜ್ಯದವೇ. ಆ ವರ್ಷ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಬಂತು; ಅದೇ ದಿನ ದಕ್ಷಿಣ ಕನ್ನಡದ ಕಾಸರಗೋಡು ಕೇರಳಕ್ಕೆ ಹೋಯಿತು. ಒಂದೇ ಕತ್ತರಿಯ ಬಟ್ಟೆ ನಾವಿಬ್ಬರೂ. ಆದ್ದರಿಂದಲೋ ಏನೋ, ನನಗೆ ಆ ಹೊಳೆಯ ಮಧ್ಯೆ ಪರಕೀಯತೆ ಕಾಣಲಿಲ್ಲ.

ನನ್ನನ್ನು ಹರಿಗೋಲಿನಲ್ಲಿ ಕೂರಿಸಿಕೊಂಡ ಹಿರಿಯರಿಗೆ ಎಪ್ಪತ್ತು ಸಮೀಪಿಸಿತ್ತು. ಹುಡುಗನಾಗಿದ್ದಾಗ ಅವರು ತಂದೆಯ ಜತೆ ವಾರಗಟ್ಟಲೆ ಹೊಳೆಯಲ್ಲೇ ಇರುತ್ತಿದ್ದರಂತೆ. ರಾಗಿ ಹಿಟ್ಟು, ಉಪ್ಪು, ಮೆಣಸಿನಕಾಯಿ, ಒಂದು ಮಡಕೆ, ಸಂಸಾರವೆಂದರೆ ಅಷ್ಟೇ. ಬೇಸಿಗೆಯಲ್ಲಿ ನೀರು ಇಳಿದು ಬಂಡೆಗಳ ನಡುವೆ ಮಡುಗಳಷ್ಟೇ ಉಳಿದಾಗ ಬಲೆಯನ್ನು ಬದಿಗಿಟ್ಟು ಮುಳುಗುವುದು, ಕಲ್ಲಿನ ಪೊಟರೆಗೆ ಕೈಹಾಕಿ ಸಿಗಡಿ ಹಿಡಿಯುವುದು.

“ಕಣ್ಣಿಗೆ ಏನೂ ಕಾಣಾಕಿಲ್ಲ ಸಾಮಿ, ಬೆರಳೇ ಕಣ್ಣು” ಎಂದರು. “ಮೀಸೆ ತಾಗ್ತದೆ. ಆಗ ಉಸಿರು ಬಿಗಿಹಿಡಿದು ಸುಮ್ಕಿರಬೇಕು. ಅದು ಹಿಂದಕ್ಕೆ ಜಿಗಿಯೋ ಪ್ರಾಣಿ. ಅದಕ್ಕೇ ಕೈ ಹಿಂದ್ಲಿಂದ ಬರಬೇಕು.”

ನಮ್ಮಲ್ಲಿ ಅದನ್ನು ತುಳುವಿನಲ್ಲಿ ಎಟ್ಟಿ ಎನ್ನುತ್ತಾರೆ, ಹೊಳೆಯ ದೊಡ್ಡದಕ್ಕೆ ಮಲಯಾಳದಲ್ಲಿ ಆಟ್ಟುಕೊಂಜು ಎಂದೆ. ಅವರು “ಇಲ್ಲಿ ಇರಾಲ್” ಎಂದು ನಕ್ಕರು. ಅವರ ಅಜ್ಜನ ಕಾಲದಲ್ಲಿ ಮೊಳಕೈ ಉದ್ದದವು ಬರುತ್ತಿದ್ದವಂತೆ; ಅವರ ಕೈಗೆ ಸಿಕ್ಕಿದ್ದೆಲ್ಲ ಬೆರಳುದ್ದದವು.

ಅಜ್ಜಂದಿರ ಮೀನು ಯಾವಾಗಲೂ ಒಂದು ಮೊಳ ಹೆಚ್ಚೇ. ಆದರೆ ಈ ಮಾತನ್ನು ಹಾಗೆ ತಳ್ಳಿಹಾಕಲಾಗದು. ಆಟ್ಟುಕೊಂಜಿನ ಕುಲದ ದೊಡ್ಡ ಸಿಗಡಿಗಳು ಬೆಳೆಯುವುದು ಸಿಹಿನೀರಿನಲ್ಲಾದರೂ ಮರಿಗಳು ಬದುಕಲು ಉಪ್ಪು ಬೆರೆತ ನೀರು ಬೇಕು. ತಾಯಿ ಅಳಿವೆಗೆ ಇಳಿಯಬೇಕು, ಮರಿ ಹೊಳೆ ಹತ್ತಬೇಕು. 1934ರಲ್ಲಿ ಮೆಟ್ಟೂರಿನ ಅಣೆಕಟ್ಟು ಎದ್ದ ಮೇಲೆ ಕಡಲಿಗೂ ಹೊಗೆನಕಲ್ಲಿಗೂ ನಡುವೆ ಗೋಡೆ ನಿಂತಿತು. ಆ ಕಣಿವೆಯ ಹೆಮ್ಮೆಯಾದ ಬಿಳಿಮೀನಿನ ಕತೆಯೂ ದುಃಖದ್ದೇ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಒಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದರು. ಬೆನ್ನು ಗೂನಾದ ಈ ಮೀನಿಗೆ ಸರಿಯಾದ ಶಾಸ್ತ್ರೀಯ ಹೆಸರು ನಿಂತದ್ದು 2018ರಲ್ಲಿ: ಟಾರ್ ರೆಮಾದೇವಿ. ಕಾವೇರಿಯನ್ನೇ ಸೇರುವ ಕೇರಳದ ಪಾಂಬಾರಿನಲ್ಲಿ 2007ರಲ್ಲಿ ಗುರುತಿಸಿದ ಮೀನೂ ಇದೂ ಒಂದೇ ಎಂದು ಆಗ ತಿಳಿಯಿತು. ಹೆಸರು ಸಿಕ್ಕಿದ ವರ್ಷವೇ ಅಳಿವಿನ ಅಂಚಿನ ಪಟ್ಟಿಗೂ ಸೇರಿತು.

ಹಿರಿಯರ ಮಗ ಮೀನಿಗೆ ಹೋಗುವುದಿಲ್ಲ. ಪ್ರವಾಸಿಗರಿಗೆ ಜಾಕೆಟ್ ತೊಡಿಸಿ ಅಬ್ಬಿಯ ಬುಡಕ್ಕೆ ಕರೆದೊಯ್ಯುತ್ತಾನೆ. ಹೊಳೆ ಏರಿದ ದಿನಗಳಲ್ಲಿ ಹರಿಗೋಲು ನಿಷೇಧ. ಆಗ ಸಂಪಾದನೆಯೂ ಇಲ್ಲ. “ನೀವು ಈಗಲೂ ಮುಳುಗುತ್ತೀರಾ ಅಣ್ಣ?” ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಹುಟ್ಟು ಹಾಕುತ್ತಲೇ ಇದ್ದರು.

“ಕರೀತಾರೆ ಸಾಮಿ. ಯಾರಾದ್ರೂ ನೀರಿಗೆ ಬಿದ್ದು ಸಿಗದೇ ಹೋದ್ರೆ ಕರೀತಾರೆ. ಯಾವ ಬಂಡೆ ಅಡೀಲಿ ಪೊಟರೆ ಐತೆ ಅಂತ ಈಗಿನ ಹುಡುಗ್ರಿಗೆ ತಿಳೀದು. ಇರಾಲ್ ಹುಡುಕಿದ ಕೈಯೇ, ಅದೇ ಪೊಟರೆ.”

ಆಮೇಲೆ ನಾನೇನೂ ಕೇಳಲಿಲ್ಲ. ದಡದಲ್ಲಿ ಮೀನು ಹುರಿಯುವವರ ಹೊಗೆ, ಎಣ್ಣೆ ತಿಕ್ಕುವವರ ಕೂಗು, ಬಂಡೆಯಿಂದ ಹುಡುಗರು ಜಿಗಿಯುವ ಸದ್ದು. ಕಾಸಿಗಾಗಿ ಜಿಗಿಯುವ ಆ ಹುಡುಗರಲ್ಲಿ ಪೊಟರೆಗಳ ಲೆಕ್ಕ ಕಲಿತವನು ಒಬ್ಬನಾದರೂ ಇದ್ದಾನೆಯೇ ಎಂದು ನೋಡುತ್ತ ಕುಳಿತೆ. ಆ ವಿದ್ಯೆಯನ್ನು ಕಲಿಸುತ್ತಿದ್ದದ್ದು ಸಿಗಡಿ. ಅದಿಲ್ಲದೆ ಯಾರೂ ಕಲಿಯಲಾರರು, ಹೆಣಕ್ಕಾಗಿ ಯಾರೂ ಅಭ್ಯಾಸ ಮಾಡುವುದಿಲ್ಲ.

ಹೊಗೆನಕಲ್ಲಿನ ಮೇಲುಭಾಗದ ಬಿಳಿಗುಂಡ್ಲುವಿನಲ್ಲಿ ಕಾವೇರಿಯನ್ನು ಅಳೆಯುತ್ತಾರೆ. ಅಲ್ಲಿ ತಮಿಳುನಾಡಿಗೆ ಸಿಗಬೇಕಾದದ್ದು ವರ್ಷಕ್ಕೆ 177.25 ಟಿಎಂಸಿ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇಡೀ ಹೊಳೆಯ 740ರಲ್ಲಿ ಕೇರಳಕ್ಕೆ 30, ಪರಿಸರಕ್ಕೆ 10. ಮೀನಿಗೂ ಪಾಲು ಇಟ್ಟರಲ್ಲ ಎಂದು ಸಮಾಧಾನಪಡಬಹುದು. ಆದರೆ ಮೀನು ಕೇಳುವುದು ಅಳತೆಯ ನೀರನ್ನಲ್ಲ, ಹೋಗಿಬರಲು ದಾರಿಯನ್ನು. ವಯನಾಡಿನ ಮಳೆ ಕಬಿನಿಯಾಗಿ ಕನ್ನಡನಾಡನ್ನು ಹಾದು ಹೊಗೆನಕಲ್ಲಿಗೆ ಬರುತ್ತದೆ. ಆ ನೀರಿಗೆ ದಾರಿ ಗೊತ್ತು. ಸಿಗಡಿಗೂ ಒಂದು ಕಾಲದಲ್ಲಿ ಗೊತ್ತಿತ್ತು.