ಪಡಸಾಲಿ ಹಾಕಿಸಿದ್ದು

ಮನಿ ಮುಂದ ಒಂದು ಪಡಸಾಲಿ ಹಾಕಿಸಬೇಕು ಅಂತ ಹೋದ ವರ್ಷ ಬ್ಯಾಸಗಿಯಲ್ಲಿ ಮನಸ್ಸು ಮಾಡಿದೆ. ಎಷ್ಟು ಉದ್ದ, ಎಷ್ಟು ಅಗಲ ಅಂತ ಗೌಂಡಿ ಕೇಳಿದ. ನಾನು ಟೇಪು ಹಿಡಿಯಲಿಲ್ಲ. ಅಂಗಳದಲ್ಲಿ ಜಮಖಾನಿ ಹಾಸಿ, ನಮ್ಮ ಭಜನಿ ಮಂದಿಯನ್ನು ಕರೆದು ಕೂಡ್ರಿಸಿದೆ. ಪೇಟಿಯವರು ಒಬ್ಬರು, ಏಕತಾರಿ ಒಬ್ಬರು, ತಾಳದವರು ಮೂವರು, ಹಿಂದೆ ಹಾಡುವವರು ಆರು ಮಂದಿ. ದಮ್ಮಡಿ ಬಾರಿಸುವವರಿಗೆ ಮೊಳಕೈ ಆಡಿಸಾಕ ಜಾಗ ಬೇಕು, ಇಲ್ಲಂದ್ರ ಮಗ್ಗಲದವರ ಪಕ್ಕಿಗೆ ಬಡೀತದ. ಎಲ್ಲರೂ ಕೂತ ಮೇಲೆ ಸುತ್ತ ಸುಣ್ಣದ ಗೆರೆ ಎಳೆದೆ. ಆಮೇಲೆ ಗೌಂಡಿ ಅಳೆದು ನೋಡಿದ. ಅಡ್ಡ ಹದಿನೆಂಟು ಫೂಟು, ಮುಂದಕ್ಕೆ ಒಂಬತ್ತು ಫೂಟು.

ಮಗ ಮಾತ್ರ ಒಪ್ಪಲಿಲ್ಲ. "ಅಪ್ಪಾ, ಆರು ಫೂಟು ಸಾಕಾಗತೈತಿ. ಮೋಟರ್‌ಸೈಕಲ್ ನಿಂತ್ರ ಆತು. ಗ್ರಿಲ್ ಹಚ್ಚಿ ಕೀಲಿ ಹಾಕೋಣು" ಅಂದ. ಅವನದು ತಪ್ಪಲ್ಲ, ಗಾಡಿ ಬಿಸಿಲಿಗೆ ನಿಂತು ಸೀಟು ಒಡೆದಿತ್ತು. ಆದರೆ ನನ್ನ ಲೆಕ್ಕ ಬ್ಯಾರೆ ಇತ್ತು. ನನಗೂ ನನ್ನ ಜೋಡಿ ಹಾಡುವವರಿಗೂ ಮೊಣಕಾಲು ಹೋಗ್ಯಾವು, ಗುಡಿ ಮೆಟ್ಟಲ ಹತ್ತಿ ಕೂಡಾಕ ಆಗೂದಿಲ್ಲ. ಮತ್ತ ಛಟ್ಟಿ ಅಮಾಸಿಗೆ ಗುಡ್ಡಾಪುರದ ದಾನಮ್ಮನ ಜಾತ್ರಿಗೆ ನಡಕೊಂತ ಹೋಗುವ ಮಂದಿ ನಮ್ಮ ಮನಿ ಮುಂದಿನ ದಾರಿಯಲ್ಲೇ ಹೋಗ್ತಾರ. ಗ್ರಿಲ್ ಹಾಕಿದ ಪಡಸಾಲಿಯೊಳಗ ಯಾರು ಬಂದು ಕೂಡ್ತಾರ?

ನಮ್ಮದು ಕಲ್ಲು ಮಣ್ಣಿನ ಮಾಳಗಿ ಮನಿ. ಜಂತಿ ಮೇಲೆ ಮಣ್ಣು. ಸ್ಲ್ಯಾಬ್ ಹಾಕೋಣ ಅಂತ ಮೊದಲು ಮಾತು ಬಂತು. ಗೌಂಡಿ ಗ್ವಾಡಿಗೆ ಕೈ ಬಡಿದು ನೋಡಿ, "ಕಾಕಾ, ಈ ಹಳೇ ಗ್ವಾಡಿಗೆ ಹೊಸಾದು ಏನೂ ಆನಿಸಬ್ಯಾಡ್ರಿ" ಅಂದ. ಅವನ ಮಾತು ಖರೇವ. ನಮ್ಮ ಓಣಿಯದು ಎರಿ ಮಣ್ಣು. ಮಳಿಗಾಲದಲ್ಲಿ ಉಬ್ಬತೈತಿ, ಬ್ಯಾಸಗಿಗೆ ಕೈ ಹೋಗುವಷ್ಟು ಬಿರಿಯತೈತಿ. ಹಳೇ ಮನಿ ಕೂಡಬೇಕಾದಷ್ಟು ಕೂತು ಗಟ್ಟಿಯಾಗಿರತೈತಿ, ಹೊಸ ಪಾಯಾ ಇನ್ನೂ ಕೂಡಬೇಕು. ಎರಡನ್ನೂ ಹೆಣೆದರೆ ಎರಡನೇ ವರ್ಷಕ್ಕೆ ನಡುವ ಸೀಳತೈತಿ. ಅದಕ್ಕ ಪಡಸಾಲಿ ತನ್ನ ಕಾಲ ಮೇಲೆ ತಾನು ನಿಲ್ಲುವಂಗ ಮಾಡಿದೆವು. ಮುಂದ ಮೂರು ಕಂಬ, ಹಿಂದ ಗ್ವಾಡಿಗೆ ನಾಕು ಬೆರಳು ಬಿಟ್ಟು ಮೂರು ಕಂಬ. ಕಂಬದ ಕುಣಿ ತೋಡುತ್ತ ಹೋದರೆ ಮೂರೂವರಿ ಫೂಟಿಗೆ ಗರಸು ಸಿಕ್ಕಿತು. ಗರಸು ಸಿಗುವತನಕ ತೋಡಲೇಬೇಕು, ಅಲ್ಲಿ ಮಾತ್ರ ಜಿಪುಣತನ ಮಾಡಬಾರದು.

ಮೇಲೆ ಪತ್ರಾ ಅಂತ ಠರಾಯಿಸಿದೆವು. ಪತ್ರಾದ ಮೇಲೆ ಮಳಿ ಬಿದ್ದರೆ ಹಾಡು ಕೇಳೂದಿಲ್ಲ, ಬಿಸಿಲು ಬಿದ್ದರೆ ಕೆಳಗ ರೊಟ್ಟಿ ಸುಡಬಹುದು. ಹಂಗಾಗಿ ಪತ್ರಾದ ಕೆಳಗ ಬಿದರಿನ ತಟ್ಟಿ ಕಟ್ಟಿಸಬೇಕು ಅಂತ ಮಾತಾಯಿತು.

ಇಷ್ಟೆಲ್ಲ ಆದ ಮೇಲೆ ಗೌಂಡಿ ಮೇಲೆ ನೋಡಿ, "ಈ ದೋಣಿ ಏನು ಮಾಡೋದು?" ಅಂದ.

ಮಾಳಗಿ ನೀರು ಹೊರಗ ಬೀಳುವ ದೋಣಿ ನಮ್ಮ ಬಾಗಿಲದ ಬಲಕ್ಕೆ, ಒಂಬತ್ತು ಫೂಟಿನ ಮೇಲೆ ಐತಿ. ಪತ್ರಾ ಸರಿಯಾಗಿ ಅದಕ್ಕ ಬಡೀತಿತ್ತು. "ದೋಣಿ ಮುಚ್ಚಿಬಿಡೋಣು, ಹಿಂದಕ್ಕ ಬ್ಯಾರೆ ಮಾಡೋಣು" ಅಂದ ಮಗ. ನಾನು ನಿಚ್ಚಣಿಕಿ ಹಚ್ಚಿ ಮಾಳಗಿ ಹತ್ತಿದೆ. ಹತ್ತಿ ನಿಂತು ಅರ್ಧ ತಾಸು ಕೆಳಗ ಇಳಿಯಲಿಲ್ಲ.

ಹನ್ನೊಂದು ವರ್ಷದ ಹಿಂದೆ ನಾನೂ ನನ್ನ ತಮ್ಮನೂ ಬ್ಯಾರೆ ಆದೆವು. ಮನಿ ನಟ್ಟನಡುವ ಗ್ವಾಡಿ ಎದ್ದಿತು, ಅಂಗಳದ ತುದಿತನಕ ಎಳೆದೆವು. ಮದುವಿ, ಮಣ್ಣು ಅಂದ್ರ ಮಾತಾಡ್ತೀವಿ, ಒಬ್ಬರ ಹೊಸ್ತಿಲು ಒಬ್ಬರು ತುಳಿಯೂದಿಲ್ಲ. ಅದಕ್ಕಿಂತ ಮೊದಲು ಅವನು ನನ್ನ ಹಿಂದ ಹಾಡುತ್ತಿದ್ದ. ನಾನು ಎತ್ತಿದ ಪದ ಅವನಷ್ಟು ಚಲೋ ಹಿಡಿಯುವವರು ಇವತ್ತಿಗೂ ನನಗ ಸಿಕ್ಕಿಲ್ಲ. ಜಗಳ ಯಾತಕ್ಕ ಆತು ಅನ್ನೋದು ಊರಿಗೆ ಗೊತ್ತಿದ್ದದ್ದ, ಅದನ್ನ ಇಲ್ಲಿ ಬರೆಯೂದಿಲ್ಲ.

ಕೆಳಗ ಎಲ್ಲಾ ಪಾಲಾಗಿತ್ತು, ಮೇಲೆ ಏನೂ ಪಾಲಾಗಿರಲಿಲ್ಲ. ಮಾಳಗಿ ಒಂದ ಐತಿ. ನಮ್ಮಪ್ಪ ಮಾಡಿದ ಇಳಕಲು ಅವನ ಕಡೆಯಿಂದ ನನ್ನ ಕಡೆಗೆ ಬರತೈತಿ. ಅವನ ಮನಿ ಮೇಲಿನ ನೀರೆಲ್ಲ ನನ್ನ ದೋಣಿಗೇ ಬೀಳತೈತಿ. ನಾನು ಅದನ್ನ ಮುಚ್ಚಿದರೆ ಮೊದಲನೇ ಮಿರಗದ ಮಳಿಗೇ ಅವನ ಜಂತಿ ಕೊಳೀತಾವು. ಇನ್ನೊಂದು ಕಂಡಿತು. ಮಳಿಗಾಲಕ್ಕ ಮೊದಲು ಮಾಳಗಿಗೆ ಸವಳು ಮಣ್ಣು ಹಾಕ್ತೀವಲ್ಲ, ಅವನ ಅರ್ಧಕ್ಕ ಅವನು ಹಾಕ್ತಾನ, ನನ್ನ ಅರ್ಧಕ್ಕ ನಾನು ಹಾಕ್ತೀನಿ. ನಡುವ ಗೇಣು ಅಗಲದ ಪಟ್ಟಿ ಯಾರೂ ಹಾಕದ ಹಂಗ ಉಳಿದಿತ್ತು. ಹನ್ನೊಂದು ವರ್ಷದಿಂದ ಇಬ್ಬರ ಮನಿಯೂ ಸೋರುತ್ತಿದ್ದದ್ದು ಅಲ್ಲೇ. ನಮ್ಮ ಮನಿಯಲ್ಲಿ ಅದರ ಕೆಳಗ ಬೋಗಾಣಿ ಇಡ್ತಿದ್ವಿ. ಅವನ ಮನಿಯಲ್ಲೂ ಇಡ್ತಿದ್ದರಂತ.

ಸಂಜಿಗೆ ಅವನ ಬಾಗಿಲಿಗೆ ಹೋದೆ. ಹೊಸ್ತಿಲ ಹೊರಗ ನಿಂತು, "ದೋಣಿದು ಒಂದು ಮಾತಿತ್ತು" ಅಂದೆ. ಅವನು ರೊಟ್ಟಿ ಉಣ್ಣುತ್ತಿದ್ದ. ಕೈ ತೊಳೆದು, ಏನೂ ಕೇಳದ, ನನ್ನ ಹಿಂದೆ ಬಂದು ನಿಚ್ಚಣಿಕಿ ಹತ್ತಿದ. ಮೇಲೆ ಒಂದು ಸುತ್ತು ಹಾಕಿ, ದೋಣಿ ಬಾಯಿಗೆ ಕೈ ಹಾಕಿ ನೋಡಿ ಅಂದ: "ಅಣ್ಣಾ, ದೋಣಿ ಇದ್ದಲ್ಲೇ ಇರ್ಲಿ. ಪತ್ರಾ ಒಂದು ಫೂಟು ಕೆಳಗ ತಗೋ. ದೋಣಿಗೆ ಪೈಪು ಹಚ್ಚಿ ನಡುಗ್ವಾಡಿ ಮ್ಯಾಲಿಂದ ಮುಂದಕ್ಕ ಒಯ್ದು ಬಿಡು." ಗೌಂಡಿಗೆ ಹೊಳೆಯದ್ದು ಅವನಿಗೆ ಹೊಳೀತು. ಅವನು ಮೊದಲಿಂದ ಹಂಗ.

ಪತ್ರಾ ಹಿಂದ ಎಂಟು ಫೂಟಿಗೆ, ಮುಂದ ಏಳಕ್ಕೆ ಬಂತು. ಇಳಕಲು ಬರೋಬರಿ ಆಯಿತು. ಪತ್ರಾಕ್ಕೂ ಗ್ವಾಡಿಗೂ ನಡುವಿನ ಸಂದಿಗೆ ಪತ್ರಾದ್ದೇ ಪಟ್ಟಿ ಹೊಡೆದೆವು, ಗ್ವಾಡಿ ಕಡೆ ಮಾತ್ರ ಮಳಿ ಹೊಡೀಲಿಲ್ಲ, ಅಲುಗಿದರೆ ಅಲುಗಲಿ ಅಂತ. ನೆಲಕ್ಕ ಶಹಾಬಾದ್ ಫರಸಿ, ಮನಿ ಹೊಸ್ತಿಲಕ್ಕಿಂತ ಅರ್ಧ ಫೂಟು ಕೆಳಗ, ಅಂಗಳದ ಕಡೆ ಎರಡು ಇಂಚು ಢಾಳ. ಮುಂದಿನ ಕಟ್ಟಿ ಒಂದೂವರಿ ಫೂಟು ಎತ್ತರ. ಮೊಣಕಾಲು ನೋಯುವವರು ಅದಕ್ಕಿಂತ ಕೆಳಗ ಕೂತರೆ ಏಳಾಕ ಇನ್ನೊಬ್ಬರು ಕೈ ಹಿಡೀಬೇಕು. ಮಗನ ಗಾಡಿಗೆ ಎಡಗಡೆ ಕಟ್ಟಿ ಬಿಡಿಸಿ ದಾರಿ ಇಟ್ಟೆವು. ಗ್ರಿಲ್ ಹಾಕಲಿಲ್ಲ. ಅವನ ಮೋತಿ ಇನ್ನೂ ಸಣ್ಣದ ಐತಿ. ಬಿದರಿನ ತಟ್ಟಿಗೆ ರೊಕ್ಕ ಸಾಲಲಿಲ್ಲ, ಈ ವರ್ಷ ನೋಡಬೇಕು.

ಮಿರಗ ಕೂಡುವ ಮುಂಚೆ ನಾನೂ ತಮ್ಮನೂ ಸವಳು ಮಣ್ಣು ಕೂಡಿಯೇ ಹಾಕಿದೆವು. ಮೊದಲು ಆ ನಡುವಿನ ಪಟ್ಟಿಗೆ. ಆ ಕೆಲಸದಲ್ಲಿ ನಾವು ಬಾಳ ಮಾತಾಡಲಿಲ್ಲ. ಬುಟ್ಟಿ ಕೊಡು, ತಗೋ, ಅಷ್ಟ.

ಮಳಿ ಬಂದ ದಿನ ಪೈಪಿನ ನೀರು ಹೆಂಗ ಹೋಗತೈತಿ ನೋಡಾಕ ಅವನು ತಲಿ ಮ್ಯಾಲೆ ಗೋಣಿಚೀಲ ಹಾಕ್ಕೊಂಡು ಬಂದ. ಮಳಿ ಜೋರಾತು, ಹೋಗಾಕ ಆಗಲಿಲ್ಲ, ನನ್ನ ಕಟ್ಟಿ ಮ್ಯಾಲೆ ಕೂತ. ಪತ್ರಾದ ಸಪ್ಪಳಕ್ಕ ಮಾತು ಕೇಳ್ತಿರಲಿಲ್ಲ. ಎಲಿ ಅಡಿಕಿ ಕೊಟ್ಟೆ, ತಿಂದ. ಪದ ಗಿದ ಏನೂ ಹಾಡಲಿಲ್ಲ. ಮಳಿ ನಿಂತ ಮೇಲೆ ಎದ್ದು ಹೋದ.

ನಡುಗ್ವಾಡಿ ತುದಿಗೆ ಪೈಪಿನ ಕೆಳಗ ಒಂದು ಡ್ರಮ್ಮು ಇಟ್ಟೀವಿ. ನೀರು ಮಣ್ಣು ಮಣ್ಣು ಇರತೈತಿ, ಕುಡಿಯಾಕ ಬರೂದಿಲ್ಲ, ದನಕ್ಕ, ಬಾಂಡೆಕ್ಕ ಆಗತೈತಿ. ನಮ್ಮ ಜತ್ತ ಕಡೆ ಅಷ್ಟು ನೀರು ಯಾರು ಬಿಡ್ತಾರ? ಡ್ರಮ್ಮು ನಮ್ಮದು, ಪೈಪಿನ ರೊಕ್ಕ ಅರ್ಧ ಅವನದು. ಈಗ ಮಳಿ ನಿಂತ ಕೂಡಲೇ ನಮ್ಮಾಕಿ ಈ ಕಡೆಯಿಂದ, ಅವನ ಹೇಂತಿ ಆ ಕಡೆಯಿಂದ ಕೊಡ ತಗೊಂಡು ಬರ್ತಾರ, ಮೊದಲು ಯಾರದು ಅಂತ ಇಬ್ಬರೂ ದನಿ ಏರಿಸ್ತಾರ. ನಾನು ಪಡಸಾಲಿಯೊಳಗ ಕೂತು ಕೇಳ್ತೀನಿ.